ಮುನ್ನೂರ ಹನ್ನೆರಡು ಕುದುರೆ

ಡಬಲ್ ಬಾಯಿ ತೆರೆದರೆ ಸಾಕು, ಎದುರಿಗಿದ್ದ ವಸ್ತು ತಾನಾಗಿಯೇ ಎರಡರಷ್ಟಾಗುತ್ತಿತ್ತು. ಅವನ ಗ್ಯಾರೇಜಿಗೆ ಒಂದು ಇಲಿ ನುಗ್ಗಿದರೆ ಸಂಜೆಯೊಳಗೆ ಅದು ಹೆಗ್ಗಣವಾಗಿ, ಮರುದಿನ ಬೆಳಗಿನ ಹೊತ್ತಿಗೆ ಕರುವಿನಷ್ಟು ಬೆಳೆದು, ಜಾಕ್ ಕೊಟ್ಟು ಎತ್ತಿ ಹೊರಗೆ ಹಾಕಬೇಕಾದ ಪ್ರಾಣಿಯಾಗಿರುತ್ತಿತ್ತು. ಅವನು ಬಿಗಿದ ನಟ್ಟು ಬಿಚ್ಚಲು ಹೋದ ಮೂವರು ಮೆಕ್ಯಾನಿಕ್‌ಗಳು ತೋಳು ಉಳುಕಿಸಿಕೊಂಡು ಹೊಲಿಗೆ ಕೆಲಸಕ್ಕೆ ಸೇರಿದರಂತೆ. ಇದನ್ನೂ ಅವನೇ ಹೇಳಿದ್ದು. ತಾಯಿ ಇಟ್ಟ ಹೆಸರು ಏನಿತ್ತೋ ಯಾರಿಗೂ ನೆನಪಿಲ್ಲ. ಇಡೀ ಊರಿಗೆ ಅವನು ಡಬಲ್. ಊರಿನವರೂ ಬುದ್ಧಿವಂತರು. ಅವನು ಹತ್ತು ಅಂದರೆ ಐದು ಎಂದು ತಿಳಿದುಕೊಂಡು ನೆಮ್ಮದಿಯಾಗಿದ್ದರು.

ಅವನ ಮಾತನ್ನು ಹಾಗೆ ಅರ್ಧಕ್ಕೆ ಇಳಿಸದೆ ಇಡಿಯಾಗಿ ನಂಬುತ್ತಿದ್ದವನು ಲೋಕದಲ್ಲಿ ಒಬ್ಬನೇ, ಅವನ ಭಾವ. ಅಕ್ಕನ ಗಂಡ. ಆತ ಎಂಜಿನ್ ಕಟ್ಟುವುದರಲ್ಲಿ ಎಂಥ ಗಟ್ಟಿಗನೆಂದರೆ, ಕೆಟ್ಟುಹೋದ ಎಂಜಿನ್‌ಗಳು ಅವನ ಕೆಮ್ಮು ಕೇಳಿದರೆ ಸಾಕು, ತಾವೇ ಸ್ಟಾರ್ಟ್ ಆಗುತ್ತಿದ್ದವು. ಒಬ್ಬಳೇ ಮಗಳು, ಬೆಟ್ಟದ ರಸ್ತೆಯ ರೇಸುಗಳಲ್ಲಿ ಕಾರು ಓಡಿಸುವ ಹುಚ್ಚು ಅವಳಿಗೆ. ಅವಳಿಗಾಗಿ ಒಂದು ಹಳೆಯ ಕೆಂಪು ಕಾರಿನ ಹೊಟ್ಟೆ ಬಗೆದು, ಎಂಜಿನ್‌ಗೆ ಗಾಳಿ ಒತ್ತಿ ಬಲ ಹೆಚ್ಚಿಸುವ ಟರ್ಬೊ ಕೂರಿಸಿ, ಎರಡು ವರ್ಷ ಒದ್ದಾಡಿ ಹೊಸ ಎಂಜಿನ್ ಕಟ್ಟಿದ. ಮುಗಿಸುವ ಮೊದಲೇ ಕಾಯಿಲೆ ಬಿದ್ದ. ಕೊನೆಯ ಜೋಡಣೆಯನ್ನು ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ಹೇಳುತ್ತ ಹೋದ, ಡಬಲ್ ಮಾಡುತ್ತ ಹೋದ.

"ಇನ್ನೂರ ಅರವತ್ತು ಕುದುರೆ ಶಕ್ತಿ ಬರಬೇಕು ನೋಡು," ಅಂದಿದ್ದ ಭಾವ. "ಅದರ ಮೇಲೆ ಒಂದೂ ಬೇಡ. ಒಳಗೆ ಪಿಸ್ಟನ್ ಹಿಡ್ಕೊಂಡಿರೋ ಕನೆಕ್ಟಿಂಗ್ ರಾಡ್ ಹಳೇದೇ. ಅದಕ್ಕೆ ಅಷ್ಟೇ ಜೀವ. ಜಾಸ್ತಿ ಆದ್ರೆ ಎಂಜಿನ್ ಗೋಡೆ ಒಡ್ಕೊಂಡು ಹೊರಗೆ ಬರುತ್ತೆ."

ಜೋಡಣೆ ಮುಗಿಸಿ ಡಬಲ್ ಅಳೆಸಿ ನೋಡಿದಾಗ ಬಂದದ್ದು ಇನ್ನೂರ ನಲವತ್ತೆಂಟು. ಆ ಸಂಜೆ ಹಾಸಿಗೆಯ ಪಕ್ಕದಲ್ಲಿ ಕೂತಾಗ ಭಾವ ಕಣ್ಣು ತೆರೆದು, "ಎಷ್ಟು ಬಂತೋ?" ಎಂದು ಕೇಳಿದ.

"ಮುನ್ನೂರ ಹನ್ನೆರಡು!" ಅಂದುಬಿಟ್ಟ ಡಬಲ್.

ಭಾವನ ಮುಖ ಅರಳಿದ್ದನ್ನು ಏನು ಹೇಳುವುದು! ಡಬಲ್‌ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ರಾಡು ತಡ್ಕೊಂಡ್ವಾ? ನನ್ನ ಲೆಕ್ಕವೇ ತಪ್ಪು ಹಾಗಾದ್ರೆ. ಮುನ್ನೂರ ಹನ್ನೆರಡು," ಎಂದು ನಾಲಿಗೆಯ ಮೇಲಿಟ್ಟು ಚಪ್ಪರಿಸಿದ. ಅಕ್ಕನಿಗೂ ಹೇಳಿದ, ಮಗಳಿಗೂ ಹೇಳಿದ, ಸೂಜಿ ಚುಚ್ಚಲು ಬಂದ ನರ್ಸಿಗೂ ಹೇಳಿದ. ಮೂರನೆಯ ದಿನ ತೀರಿಕೊಂಡ. ಸಾಯುವವನಿಗೆ ಸಂತೋಷವಾಗಲಿ ಎಂದು ಹೇಳಿದ ಸುಳ್ಳು, ಅದರಲ್ಲೇನು ತಪ್ಪು ಎಂದು ಡಬಲ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವನ್ನೂ ಎರಡೆರಡು ಸಲ ಹೇಳಿಕೊಂಡ.

ನಾಲ್ಕು ತಿಂಗಳು ಕಾರು ಮುಸುಕು ಹೊದ್ದು ಮಲಗಿತ್ತು. ಆಮೇಲೆ ಒಂದು ಸೋಮವಾರ ಸೊಸೆ ಬಂದು ನಿಂತಳು. ಅಕ್ಕನ ಮಗಳು ಅಂದರೆ ಸೊಸೆಯೇ ತಾನೆ. ಹುಟ್ಟಿದಾಗಿನಿಂದ ಅವನ ಹೆಗಲ ಮೇಲೇ ಬೆಳೆದವಳು.

"ಮಾವ, ಭಾನುವಾರ ಬೆಟ್ಟದ ರೇಸು. ಫಾರಂ ತುಂಬಿದ್ದೀನಿ. ಮುನ್ನೂರ ಹನ್ನೆರಡು ಅಂತ ಬರ್ದಿದ್ದೀನಿ. ಎರಡು ಬೇರೆ ಬೇರೆ ಥರದ ಡೈನೋದಲ್ಲಿ ಅಳೆಸಿ ಸರ್ಟಿಫಿಕೇಟ್ ತರಬೇಕಂತೆ."

ಡಬಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಯಂತ್ರ ಸುಳ್ಳು ಹೇಳುವುದಿಲ್ಲ. ಅಕ್ಕನ ಮುಂದೆ, ಊರ ಮುಂದೆ ಮಾನ ಹರಾಜು. ಆದರೂ "ಓಹೋ, ಅದಕ್ಕೇನು, ಮುನ್ನೂರೈವತ್ತು ಬಂದ್ರೂ ಆಶ್ಚರ್ಯ ಇಲ್ಲ" ಎಂದಿತು ಬಾಯಿ, ಅವನನ್ನು ಒಂದು ಮಾತೂ ಕೇಳದೆ.

ಕಾರಿನ ಕುದುರೆಗಳನ್ನು ಎಣಿಸುವ ಯಂತ್ರವೇ ಡೈನೋ. ಊರಿನಲ್ಲಿ ಮೂರಿದ್ದವು, ಮೂರೂ ಮೂರು ಜಾತಿಯವು. ಮೊದಲನೆಯದು ದಡಿಯನ ಶೆಡ್ಡಿನದು. ಅಲ್ಲಿ ನೆಲದೊಳಗೆ ಆನೆಯ ಹೊಟ್ಟೆಯಂಥ ಒಂದು ಉಕ್ಕಿನ ಉರುಳೆ. ಕಾರನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿದು, ಚಕ್ರಗಳನ್ನು ಉರುಳೆಯ ಮೇಲಿಟ್ಟು ಆಕ್ಸಿಲರೇಟರ್ ತುಳಿದರೆ, ಅಷ್ಟು ಭಾರದ ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಶಕ್ತಿ ಲೆಕ್ಕ ಹಾಕುತ್ತಾರೆ. 

ದಡಿಯನ ನೆನಪು ಅವನ ಹೊಟ್ಟೆಯಷ್ಟೇ ದೊಡ್ಡದು. ಕಾರು ಕಂಡವನೇ, "ಏನಯ್ಯಾ, ಹೋದ ಸಲ ಇನ್ನೂರ ನಲವತ್ತೆಂ..." ಎಂದು ಶುರುಮಾಡಿದ. ಡಬಲ್ ಅವನ ಪಾದವನ್ನು ಎಷ್ಟು ಜೋರಾಗಿ ತುಳಿದನೆಂದರೆ, ಆ ಒತ್ತಡವನ್ನು ಅಳೆದಿದ್ದರೆ ನಲವತ್ತು ಕುದುರೆಗೆ ಮೋಸವಿರಲಿಲ್ಲ.

ಸೊಸೆ ಒಳಗೆ ಕೂತು ಗೇರ್ ಹಾಕಿದಳು. ಉರುಳೆ ಗುಂಯ್‌ಗುಟ್ಟಿತು, ಶೆಡ್ಡಿನ ತಗಡು ನಡುಗಿತು, ಗೋಡೆಗೆ ತೂಗುಹಾಕಿದ್ದ ಬೆಲ್ಟುಗಳೆಲ್ಲ ತೂಗಾಡಿದವು. ಪರದೆಯ ಮೇಲೆ ಗೆರೆ ಏರುತ್ತ ಏರುತ್ತ ಹೋಗಿ ನಿಂತಿತು.

ಮುನ್ನೂರ ಹನ್ನೆರಡು.

ದಡಿಯ ತುಳಿಸಿಕೊಂಡ ಪಾದವನ್ನು ಮರೆತ. "ಅದೇನು ಹಾಕಿದ್ಯೋ ಅದರೊಳಗೆ?"

ಡಬಲ್‌ಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಂದ ಒಂದು ಬೋಲ್ಟೂ ಮುಟ್ಟಿರಲಿಲ್ಲ. ಆದರೆ ಬೆರಗು ಒಂದು ಕ್ಷಣ, ಅಹಂಕಾರ ಉಳಿದ ಹೊತ್ತೆಲ್ಲ. ನಾನು ಹೇಳಿದ್ದು ಉಕ್ಕಿಗೂ ಕೇಳಿಸಿದೆ, ಕೇಳಿಸಿ ನಡೆಸಿಕೊಟ್ಟಿದೆ ಎಂದು ಎದೆ ಉಬ್ಬಿಸಿದ. ಅಂಗಿಯ ಎರಡನೆಯ ಗುಂಡಿ ಹಾರಿಹೋದದ್ದು ಅಲ್ಲಿಯೇ. ದಾರಿಯುದ್ದಕ್ಕೂ, "ನಿನ್ನ ಮಾವನ ಕೈ ಅಂದ್ರೆ ಏನಂದ್ಕೊಂಡೆ?" ಎಂದು ಸೊಸೆಯ ಕಿವಿ ತೂತು ಮಾಡಿದ.

ಎರಡನೆಯ ಡೈನೋ ಒಬ್ಬ ಹೆಂಗಸಿನದು. ವರ್ಷಕ್ಕೆ ಹತ್ತು ಮಾತು ಆಡುವವಳಾದ್ದರಿಂದ ಎಲ್ಲರೂ ಮೌನಿ ಅನ್ನುತ್ತಿದ್ದರು. ಆಸ್ಪತ್ರೆಯಂತೆ ತೊಳೆದಿಟ್ಟ ಕೋಣೆ. ಇಲ್ಲಿ ಚಕ್ರಗಳನ್ನೇ ಬಿಚ್ಚಿ, ಅಚ್ಚಿನ ತುದಿಗೆ ಯಂತ್ರವನ್ನು ನೇರವಾಗಿ ಬೋಲ್ಟ್ ಹಾಕುತ್ತಾರೆ. ಟೈರು ಜಾರಿ, ಉಜ್ಜಿ ತಿಂದುಹಾಕುವ ಶಕ್ತಿ ಇಲ್ಲಿ ಉಳಿಯುತ್ತದೆ. ಹಾಗಾಗಿ ಉರುಳೆ ಮುನ್ನೂರ ಹನ್ನೆರಡು ಅಂದರೆ ಇಲ್ಲಿ ಮುನ್ನೂರ ಮೂವತ್ತಾದರೂ ಬರಬೇಕು. ಕಸಬು ಗೊತ್ತಿರುವವರಿಗೆಲ್ಲ ಇದು ಬಾಯಿಪಾಠ. ಒಂದೇ ಕಾರಿನ ಬಗ್ಗೆ ಎರಡು ಡೈನೋ ಒಂದೇ ಅಂಕಿ ಹೇಳಿದ್ದು ಆವರೆಗೆ ಯಾರೂ ಕಂಡದ್ದಿಲ್ಲ, ಕೇಳಿದ್ದಿಲ್ಲ.

ಮುನ್ನೂರ ಹನ್ನೆರಡು, ಎಂದಿತು ಪರದೆ.

ಮೌನಿ ಹಾಳೆ ಮುದ್ರಿಸಿದಳು. ದಡಿಯನ ಹಾಳೆಯನ್ನೂ ಇಸಿದುಕೊಂಡು, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹಗಲ ಬೆಳಕು ಎರಡನ್ನೂ ದಾಟಿ ಬಂತು. ಎರಡು ಗೆರೆಗಳಿದ್ದ ಕಡೆ ಒಂದೇ ಗೆರೆ ಕಾಣಿಸಿತು. ಒಂದೇ ಏರು, ಒಂದೇ ಬಾಗು. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಹತ್ತಿರ ಒಂದು ಸಣ್ಣ ನಡುಕವಿತ್ತು, ಕಾಯಿಲೆಯವನ ಕೈಬರಹದಂತೆ. ಅದೂ ಎರಡರಲ್ಲಿ ಒಂದೇ.

"ಹೀಗಾಗಲ್ಲ," ಅಂದಳು ಮೌನಿ. ಆ ವರ್ಷದ ಮಾತಿನಲ್ಲಿ ಒಂದನ್ನು ಅದಕ್ಕೆ ಖರ್ಚು ಮಾಡಿದಳೆಂದರೆ ಎಷ್ಟು ಹೆದರಿದ್ದಳೋ ಊಹಿಸಿ.

ಡಬಲ್‌ಗೆ ಈಗ ಅಂಕಿಯಲ್ಲ, ರಾಡು ನೆನಪಾಯಿತು. ಬಗ್ಗಿ ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡ. ಎಣ್ಣೆಯಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಮಿನುಗಿತು. ಒಳಗೆ ಲೋಹ ಲೋಹವನ್ನು ತಿನ್ನುತ್ತಿತ್ತು. ಡೈನೋದ ಮೇಲಿನ ಓಟ ಹತ್ತು ಹನ್ನೆರಡು ಸೆಕೆಂಡು. ಬೆಟ್ಟದ ರಸ್ತೆ ಏಳು ನಿಮಿಷ, ಇಪ್ಪತ್ತಾರು ತಿರುವು, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಬರೀ ಗಾಳಿ. ತಿರುವಿನಲ್ಲಿ ರಾಡು ಮುರಿದು ಆಯಿಲ್ ಚಕ್ರದ ಕೆಳಗೆ ಚೆಲ್ಲಿದರೆ ಮುಗಿಯಿತು.

"ಭಾನುವಾರ ಬೇಡ ಪುಟ್ಟಿ," ಅಂದ.

"ಯಾಕೆ ಮಾವ?"

"ರಾಡು ತಡೆಯಲ್ಲ. ಇನ್ನೂರ ಅರವತ್ತಕ್ಕೆ ಮಾಡಿದ್ದು."

"ಅಪ್ಪನೇ ಸಾಯೋಕೆ ಮುಂಚೆ ಹೇಳಿದ್ರಲ್ಲ, ರಾಡು ತಡ್ಕೊಂಡ್ವು ಅಂತ? ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಹಾಳೆಗಳನ್ನು ಎದೆಗೆ ಒತ್ತಿಕೊಂಡು ನಕ್ಕಳು. "ಅಪ್ಪನ ಲೆಕ್ಕ ಅಂದ್ರೆ ಹೀಗೆ. ಎಲ್ಲಿಟ್ಟು ಅಳೆದ್ರೂ ಒಂದು ಕೂದಲಷ್ಟೂ ಅಲ್ಲಾಡಲ್ಲ. ಮಾವ, ಕಾರಲ್ಲಿ ಕೂತಾಗ ಪಕ್ಕದಲ್ಲಿ ಅವರು ಇದ್ದ ಹಾಗೇ ಅನ್ಸುತ್ತೆ."

ಹೇಳಿಬಿಡಬೇಕಿತ್ತು. ಜಗತ್ತಿನ ಎಲ್ಲ ಸುಳ್ಳುಗಳಿಗೂ ಸರಾಗವಾಗಿ ಹೊರಳಿದ ನಾಲಿಗೆ ಒಂದು ನಿಜಕ್ಕೆ ಕಲ್ಲಾಗಿ ಕೂತಿತು. "ಇನ್ನೊಂದು ಕಡೆ ನೋಡಿಬಿಡೋಣ," ಎಂದಷ್ಟೇ ಅಂದ.

ಮೂರನೆಯದು ಲೆಕ್ಕದ ಮೇಷ್ಟ್ರದು. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಮಕ್ಕಳಿಗಿಂತ ಯಂತ್ರ ವಾಸಿ ಎಂದು ಈ ಕಸಬಿಗೆ ಇಳಿದ ಮನುಷ್ಯ. ಇವರ ಡೈನೋದಲ್ಲಿ ಉರುಳೆಗಳಿಗೆ ದೊಡ್ಡ ವಿದ್ಯುತ್ ಆಯಸ್ಕಾಂತಗಳ ತಡೆ. ಕಾರು ಮುಂದೆ ಮುಂದೆ ಅನ್ನುತ್ತದೆ, ಆಯಸ್ಕಾಂತ ಹಿಂದೆ ಹಿಂದೆ ಎಳೆಯುತ್ತದೆ. ಆ ಜಗ್ಗಾಟದಲ್ಲಿ ಕಾರಿನ ನಿಜವಾದ ತಾಕತ್ತು ಬಯಲಾಗುತ್ತದೆ. ಬೇರೆಲ್ಲ ಯಂತ್ರಗಳಿಗಿಂತ ಕಡಿಮೆ ತೋರಿಸುವ ಯಂತ್ರ ಇದು. ನಾನೂರು ಎಂದು ಮೆರೆದುಕೊಂಡು ಬಂದವರು ಮುನ್ನೂರೈವತ್ತು ಹೊತ್ತುಕೊಂಡು, ಮೂಗು ಒರೆಸಿಕೊಳ್ಳುತ್ತ ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ಒಂದು ಕರವಸ್ತ್ರದ ಪೆಟ್ಟಿಗೆಯನ್ನೇ ಇಟ್ಟಿದ್ದರೆಂದು ಸುದ್ದಿ.

ಶುಕ್ರವಾರ ಮಧ್ಯಾಹ್ನ. ಮೂರು ಸಲ ಅಳೆದರು. ಮೂರು ಸಲವೂ ಮುನ್ನೂರ ಹನ್ನೆರಡು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬಾನೆಟ್ ಎತ್ತಿ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದರ ವೈರ್ ಕಿತ್ತು ಪಕ್ಕಕ್ಕಿಟ್ಟರು. ಈಗ ಎಂಜಿನ್‌ಗೆ ಮೂರೇ ಕಾಲು. "ಈಗ ತುಳಿಯಮ್ಮ."

ಕಾರು ಕುಂಟುತ್ತ, ಕೆಮ್ಮುತ್ತ ಎದ್ದಿತು. ಮೂರು ಸಿಲಿಂಡರಿನ ಆ ಒಡಕು ಸದ್ದಿನ ಮೇಲೆ ಪರದೆಯ ಗೆರೆ ಮಾತ್ರ ನುಣ್ಣಗೆ ಏರಿತು. ಮುನ್ನೂರ ಹನ್ನೆರಡು.

"ಎಂಜಿನ್ ಕೊಡ್ತಾ ಇರೋದಲ್ಲ ಇದು," ಅಂದರು ಮೇಷ್ಟ್ರು ಬಹಳ ಮೆಲ್ಲಗೆ. "ಎಂಜಿನ್ ಕೈಲಿ ಯಾರೋ ಕೊಡಿಸ್ತಾ ಇದ್ದಾರೆ. ಹೀಗೇ ಕೊಡ್ಸಿದ್ರೆ ಅದು ಸಾಯುತ್ತೆ. ನೀವು ಬೇಕಾದ್ರೆ ಸರ್ಟಿಫಿಕೇಟ್ ತಗೊಳ್ಳಿ, ಆದ್ರೆ ಈ ಕಾರನ್ನ ಮತ್ತೆ ನನ್ನ ಬಾಗಿಲಿಗೆ ತರಬೇಡಿ."

ಸೊಸೆ ಕಿಟಕಿಯಿಂದ ಕೈ ಚಾಚಿದಳು. "ಕೊಡಿ ಮೇಷ್ಟ್ರೇ. ಎರಡು ಸಾಕಿತ್ತು, ಇದೂ ಭಾನುವಾರಕ್ಕೆ ಇರ್ಲಿ."

ಆ ಚಾಚಿದ ಕೈ ಇತ್ತಲ್ಲ, ಅದರ ಹೆಬ್ಬೆರಳು ಥೇಟ್ ಭಾವನದೇ. ಅದನ್ನು ನೋಡಿದ್ದೇ ಡಬಲ್ ಕಾರಿನ ಮುಂದೆ ಹೋಗಿ ನಿಂತ. ಹೆಡ್‌ಲೈಟುಗಳನ್ನೇ ನೋಡುತ್ತ ಮಾತಾಡಿದ.

"ಭಾವ, ಕೇಳಿಸ್ಕೊಳ್ಳಿ. ಇನ್ನೂರ ನಲವತ್ತೆಂಟು. ಆವತ್ತು ಬಂದದ್ದು ಅಷ್ಟೇ. ಮುನ್ನೂರ ಹನ್ನೆರಡು ನಾನು ಕಟ್ಟಿ ಹೇಳಿದ್ದು."

ಸೊಸೆಯ ಕೈ ಕಿಟಕಿಯಲ್ಲೇ ನಿಂತಿತ್ತು.

"ಏನಂದ್ರಿ ಮಾವ?"

"ತುಳಿ ಪುಟ್ಟಿ. ಈಗ ನೋಡು."

ಅವಳು ಹಲ್ಲು ಕಚ್ಚಿ ತುಳಿದಳು. ಮುನ್ನೂರ ಹನ್ನೆರಡು. ಈ ಸಲ ಎಂಜಿನ್ನಿನ ಆಳದಲ್ಲಿ ಟಕ್, ಟಕ್ ಎಂದು ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಸದ್ದು. ಅವಳು ಕಾಲು ತೆಗೆದು, ಎಂಜಿನ್ ಆರಿಸಿ, ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದಳು.

ಉರುಳೆ ನಿಲ್ಲಲಿಲ್ಲ. ಮೇಷ್ಟ್ರು ಆಯಸ್ಕಾಂತದ ತಡೆಯನ್ನು ಪೂರ್ತಿ ಒತ್ತಿದರು. ಆಯಸ್ಕಾಂತ ಗುಂಯ್ ಅಂದಿತು, ಶೆಡ್ಡಿನ ದೀಪಗಳು ಮಂಕಾದವು, ಉರುಳೆ ಮಾತ್ರ ಆರಿದ ಕಾರಿನ ಚಕ್ರಗಳನ್ನು ಹೊತ್ತು ತಿರುಗುತ್ತಲೇ ಇತ್ತು. ಅವಸರವೇ ಇಲ್ಲ. ಮಾತು ಮುಗಿಯಲಿ ಎಂದು ಕಾಯುತ್ತ ಬೆರಳಿನಿಂದ ಮಂಚದ ಪಟ್ಟಿ ತಟ್ಟುವವರ ಹಾಗೆ.

ಪಾಪ ಡಬಲ್! ಹುಟ್ಟಿದ ಮೇಲೆ ಮೊದಲ ಸಲ ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಸತ್ತವರೂ ಒಪ್ಪುತ್ತಿಲ್ಲ.

"ಸಾಯೋ ಹೊತ್ತಲ್ಲಿ ಸಂತೋಷ ಪಡ್ಲಿ ಅಂತ ಹೇಳಿದೆ ಭಾವ. ಅಷ್ಟೇ. ಬೇರೆ ಏನಿಲ್ಲ," ಅಂದ. ಉರುಳೆಯ ವೇಗ ಒಂದಿಷ್ಟು ಏರಿತು. ಕಾರು ಬಿಗಿದಿದ್ದ ಪಟ್ಟಿಗಳು ಕಿರ್ರ್ ಎಂದವು.

ಸೊಸೆ ಅಲುಗಾಡದೆ ಕೂತಿದ್ದಳು. ಅವಳ ಕಣ್ಣು ಮಾವನ ಮೇಲಿತ್ತು. "ಅದೂ ಸುಳ್ಳಾ ಮಾವ?" ಅಂದಳು. "ಅಪ್ಪನಿಗೆ ಇನ್ನೂರ ಅರವತ್ತೇ ಸಾಕಿತ್ತು. ಸಂತೋಷ ಪಡ್ಸೋಕೆ ಅದನ್ನೇ ಹೇಳಬಹುದಿತ್ತಲ್ಲ. ಮುನ್ನೂರ ಹನ್ನೆರಡು ಯಾಕೆ?"

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಡಬಲ್ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಅವನು ಟೂಲ್ ಬಾಕ್ಸಿನ ಮೇಲೆ ಕೂತುಬಿಟ್ಟ.

"ಟರ್ಬೊದ ಒತ್ತಡ ಹಿಡಿಯೋ ಸ್ಪ್ರಿಂಗು," ಅಂದ. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬರಬೇಕಾಯಿತು. "ಭಾವ ಅದನ್ನ ಎಲ್ಲೆಲ್ಲೋ ಹುಡುಕಿ, ಅಳೆದು ತೂಗಿ, ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ರು. ನಾನು ಹಾಕೋವಾಗ ಫೋನಲ್ಲಿ ಯಾರಿಗೋ ಜಂಬ ಕೊಚ್ಕೋತಾ ಇದ್ದೆ. ಕೈ ಜಾರಿ ಚರಂಡಿಗೆ ಬಿತ್ತು. ಹುಡುಕಲಿಲ್ಲ. ಇನ್ಯಾವುದೋ ಹಳೇ ಕಾರಿಂದ ಒಂದು ಸೋತುಹೋದ ಸ್ಪ್ರಿಂಗ್ ಕಿತ್ತು ಹಾಕಿ ಮುಚ್ಚಿಬಿಟ್ಟೆ. ಅದಕ್ಕೇ ಹನ್ನೆರಡು ಕುದುರೆ ಕಮ್ಮಿ ಬಂತು."

ಉರುಳೆ ನಿಧಾನವಾಯಿತು.

"ಇನ್ನೂರ ನಲವತ್ತೆಂಟು ಅಂದಿದ್ರೆ ಭಾವ ಕೇಳ್ತಿದ್ರು, ಹನ್ನೆರಡು ಎಲ್ಲೋಯ್ತು ಅಂತ. ಕೇಳ್ದೇ ಬಿಡೋರಲ್ಲ. ಇನ್ನೂರ ಅರವತ್ತು ಅಂದಿದ್ರೆ ಹಾಳೆ ತೋರ್ಸು ಅಂತಿದ್ರು, ಅವರ ಲೆಕ್ಕ ಅದು. ಯಾರೂ ಏನೂ ಕೇಳಬಾರದು, ಅಷ್ಟು ದೊಡ್ಡ ಅಂಕಿ ಬೇಕಿತ್ತು. ನಿಮಗೋಸ್ಕರ ಅಲ್ಲ ಭಾವ. ನನ್ನ ಹನ್ನೆರಡು ಕುದುರೆ ಮುಚ್ಕೊಳ್ಳೋಕೆ. ನೀವು ಕೈ ಹಿಡ್ಕೊಂಡಾಗ... ನೀವು ನಿಮ್ಮ ಲೆಕ್ಕವೇ ತಪ್ಪು ಅಂದ್ರಿ. ನಿಮ್ಮ ಲೆಕ್ಕ ಸರಿಯಾಗೇ ಇತ್ತು. ನಾನು ಸುಮ್ನೆ ಕೂತಿದ್ದೆ."

ಉರುಳೆ ಇನ್ನೊಂದು ಸುತ್ತು ಬಂತು, ಅರ್ಧ ಸುತ್ತು ಬಂತು, ನಿಂತಿತು. ದೀಪಗಳು ಬೆಳಗಿದವು. ಸೊಸೆಯ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಇದಕ್ಕೆ ಮೇಷ್ಟ್ರೇ ಸಾಕ್ಷಿ. ಆದರೂ ಆ ಸೀಟಿನ ಮೆತ್ತೆ, ಒಬ್ಬ ತೆಳ್ಳಗಿನ ಮನುಷ್ಯ ಕೈಯೂರಿ ಎದ್ದರೆ ಹೇಗೋ ಹಾಗೆ, ಮೆಲ್ಲಗೆ ಉಸಿರು ಬಿಡುತ್ತ ಮೇಲಕ್ಕೆ ಬಂತು. ಕಾರಿನ ಆ ಬದಿ ಎರಡು ಬೆರಳು ಏರಿ ಸಮವಾಯಿತು.

ಆಮೇಲೆ ಮೇಷ್ಟ್ರು ಕಿತ್ತ ವೈರನ್ನು ತಿರುಗಿ ಸಿಕ್ಕಿಸಿ, "ಒಂದೇ ಒಂದು ಸಲ," ಅಂದರು.

ಸೊಸೆ ಕೀಲಿ ಹಾಕಿ ತುಳಿದಳು. ಗೆರೆ ತಡವರಿಸುತ್ತ ಏರಿ, ಅಲ್ಲಲ್ಲಿ ಎಡವಿ, ಬಳಲಿದ ಹಾಗೆ ನಿಂತಿತು. ಇನ್ನೂರ ಇಪ್ಪತ್ತೊಂಬತ್ತು.

"ನನ್ನ ಯಂತ್ರದಲ್ಲಿ ಅಷ್ಟೇ ಬರಬೇಕು," ಅಂದರು ಮೇಷ್ಟ್ರು, ಒಂದು ವಾರದಿಂದ ಉಸಿರು ಕಟ್ಟಿಕೊಂಡಿದ್ದವರಂತೆ. "ದಡಿಯನ ಇನ್ನೂರ ನಲವತ್ತೆಂಟಕ್ಕೆ ಇದೇ ಸರಿ."

ಸೊಸೆ ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಅತ್ತಳೋ ಇಲ್ಲವೋ, ಶೆಡ್ಡಿನ ದೊಡ್ಡ ಫ್ಯಾನಿನ ಸದ್ದಿನಲ್ಲಿ ತಿಳಿಯಲಿಲ್ಲ. ತಲೆ ಎತ್ತಿದಾಗ ಕಣ್ಣು ಒಣಗಿತ್ತು.

"ಮೇಷ್ಟ್ರೇ, ಸರ್ಟಿಫಿಕೇಟಲ್ಲಿ ಇದನ್ನೇ ಬರೀರಿ. ಮುಂದಿನ ರೇಸಿಗೆ ಕಮ್ಮಿ ಕುದುರೆ ಕಾರುಗಳ ಕ್ಲಾಸಲ್ಲಿ ಹೆಸರು ಹಾಕ್ತೀನಿ. ಈ ಭಾನುವಾರ ಬೇಡ, ಮೊದಲು ಎಂಜಿನ್ ಬಿಚ್ಚಿ ರಾಡು ನೋಡಬೇಕು." ಆಮೇಲೆ ಮಾವನ ಕಡೆ ತಿರುಗದೆಯೇ, "ಸ್ಪ್ರಿಂಗ್ ನಾನೇ ಹುಡುಕ್ತೀನಿ, ನಾನೇ ಹಾಕ್ತೀನಿ. ನೀವು ಮುಟ್ಟಬೇಡಿ."

"ಆಯ್ತು."

"ಅಮ್ಮ ಊರಿಗೆಲ್ಲ ಮುನ್ನೂರ ಹನ್ನೆರಡು ಅಂತ ಹೇಳ್ಕೊಂಡು ಓಡಾಡ್ತಾ ಇದ್ದಾಳೆ. ಅವಳಿಗೆ ನೀವೇ ಹೇಳ್ಬೇಕು. ಸ್ಪ್ರಿಂಗಿನದೂ ಸೇರಿಸಿ."

"ಹೇಳ್ತೀನಿ."

"ಎಷ್ಟು ಅಂತ ಹೇಳ್ತೀರಿ?"

"ಇನ್ನೂರ ಇಪ್ಪತ್ತೊಂಬತ್ತು," ಅಂದ ಡಬಲ್. ಆ ಅಂಕಿ ಅವನ ಬಾಯಿಯಿಂದ ಹೊರಬಂದು, ಬೆಳೆಯದೆ, ಉಬ್ಬದೆ, ಇದ್ದಷ್ಟೇ ಇತ್ತು. ಅದನ್ನು ನೋಡಿ ಅವನಿಗೇ ದಿಗಿಲಾಯಿತು.

ಪಟ್ಟಿಗಳನ್ನು ಬಿಚ್ಚಿದರು. ಟಕ್ ಟಕ್ ಸದ್ದು ಕೇಳಿದ ಎಂಜಿನ್ನನ್ನು ಇನ್ನು ಓಡಿಸುವಂತಿರಲಿಲ್ಲ. ಮೇಷ್ಟ್ರು ತಮ್ಮ ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೊರಟರು. ಸೊಸೆ ಸ್ಟಿಯರಿಂಗ್ ಹಿಡಿದಳು. ಡಬಲ್ ಮುಂದಿನ ಬಾಗಿಲ ಹಿಡಿಗೆ ಕೈಹಾಕಿ, ಒಂದು ಕ್ಷಣ ನಿಂತು, ಬಿಟ್ಟ. ಹಿಂದಿನ ಬಾಗಿಲು ತೆಗೆದು, ಟೂಲ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುರಿ ಕೂತ.

"ಮುಂದೆ ಬನ್ನಿ ಮಾವ. ಸೀಟು ಖಾಲಿ ಇದೆ," ಅಂದಳು ಸೊಸೆ.

"ಇಲ್ಲೇ ಇರ್ತೀನಿ ಪುಟ್ಟಿ," ಅಂದ.

ಹಗ್ಗ ಬಿಗಿಯಾಗಿ, ಕಾರು ಸದ್ದಿಲ್ಲದೆ ಬಿಸಿಲಿಗೆ ಬಂತು. ಮನೆ ಮುಟ್ಟುವವರೆಗೂ ಡಬಲ್ ಒಂದು ಮಾತೂ ಆಡಲಿಲ್ಲ.